ಮನೆಯಲ್ಲೇ ಕೆಫೀರ್: ಗಡಿಯಾರ ಬಿಡಿ, ಬಾಟಲಿ ನೋಡಿ

ಹಾಲನ್ನು ಹುದುಗಿಸಿ ಮಾಡುವ ಹುಳಿ ಪಾನೀಯ ಕೆಫೀರ್. ಅದನ್ನು ಮಾಡುವುದು ಹೇಗೆಂದು ಹುಡುಕಿದರೆ ಎಲ್ಲೆಡೆ ಒಂದೇ ಲೆಕ್ಕ ಸಿಗುತ್ತದೆ: ಅರ್ಧ ಲೀಟರ್ ಹಾಲು, ಒಂದೆರಡು ಚಮಚ ಗ್ರೇನ್ಸ್ (ಹೆಪ್ಪಾಗಿ ಹಾಕುವ ಗಂಟುಗಳು), 24 ಗಂಟೆ. ಈ ಲೆಕ್ಕ ಹುಟ್ಟಿದ್ದು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಅಡುಗೆಮನೆಗಳಲ್ಲಿ. ಅದನ್ನೇ ಏಪ್ರಿಲ್‌ನ ರಾಯಚೂರಿನಲ್ಲೋ ಮಂಗಳೂರಿನಲ್ಲೋ ಪಾಲಿಸಿದರೆ ಮರುದಿನ ಬಾಟಲಿಯಲ್ಲಿ ಮೇಲೊಂದು ಬಿಳಿ ಗಡ್ಡೆ, ಕೆಳಗೆ ಹಳದಿ ನೀರು, ಮೂಗಿಗೆ ಹುಳಿತ ವಾಸನೆ. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ತಪ್ಪು ಕೈಯದಲ್ಲ, ಲೆಕ್ಕದ್ದು. ಕೆಫೀರ್‌ನಲ್ಲಿ ನಾವು ಹಿಡಿತದಲ್ಲಿಡಬೇಕಾದವು ಎರಡೇ: ಅಡುಗೆಮನೆಯ ಉಷ್ಣತೆ, ಹಾಲಿಗೂ ಗ್ರೇನ್ಸ್‌ಗೂ ಇರುವ ಪ್ರಮಾಣ. ಎಷ್ಟು ಗಂಟೆ ಎಂಬುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಇದು ಮೊಸರಿಗಿಂತ ಹೇಗೆ ಬೇರೆ

ಮೊಸರಿಗೆ ಹೆಪ್ಪು ಹಾಕುವಾಗ ನಿನ್ನೆಯ ಮೊಸರನ್ನೇ ಹಾಕುತ್ತೇವೆ. ಕೆಫೀರ್‌ಗೆ ಹಾಕುವುದು ಹೂಕೋಸಿನ ಚೂರುಗಳಂತೆ ಕಾಣುವ, ಒತ್ತಿದರೆ ರಬ್ಬರಿನಂತೆ ಪುಟಿಯುವ ಬಿಳಿ ಗಂಟುಗಳನ್ನು. ಗ್ರೇನ್ಸ್ ಎಂಬ ಹೆಸರಿದ್ದರೂ ಕಾಳಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಗಂಟು ಎಂದೇ ಕರೆಯೋಣ. ಕೆಫಿರಾನ್ ಎಂಬ ಸಕ್ಕರೆ ಜಾತಿಯ ಲೋಳೆ, ಹಾಲಿನ ಪ್ರೋಟೀನು, ಇವೆರಡರ ಬಲೆಯಲ್ಲಿ ಹತ್ತಾರು ಬಗೆಯ ಬ್ಯಾಕ್ಟೀರಿಯಾ ಮತ್ತು ಈಸ್ಟ್‌ಗಳು ಒಟ್ಟಿಗೆ ನೆಲೆಸಿರುವ ಕೂಡುಕುಟುಂಬ ಅದು. ಮೊಸರಿನಲ್ಲಿ ಮುಖ್ಯ ಕೆಲಸ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳದ್ದು. ಕೆಫೀರ್‌ನಲ್ಲಿ ಈಸ್ಟ್‌ಗಳಿಗೂ ಪಾಲಿದೆ. ನಾಲಿಗೆಯ ಮೇಲೆ ಸಣ್ಣಗೆ ಸೋಡಾದಂತೆ ಚುರುಗುಟ್ಟುವುದು ಅವು ಬಿಡುವ ಕಾರ್ಬನ್ ಡೈಆಕ್ಸೈಡ್‌ನಿಂದ.

ಇದರ ತವರು ಕಾಕಸಸ್ ಪರ್ವತಗಳ ಉತ್ತರದ ಇಳಿಜಾರು; ಕರಾಚಾಯ್, ಬಾಲ್ಕರ್, ಒಸ್ಸೇಟಿಯನ್ ಜನರ ಸೀಮೆ. ಅಲ್ಲಿ ತೊಗಲಿನ ಚೀಲದಲ್ಲಿ ಹಾಲು ಮತ್ತು ಗಂಟು ತುಂಬಿ, ಕುಡಿದಷ್ಟು ಹೊಸ ಹಾಲು ಸೇರಿಸುತ್ತ ಹೋಗುತ್ತಿದ್ದರು. ಚೀಲವನ್ನು ಬಾಗಿಲ ಬಳಿ ತೂಗುಹಾಕಿ, ಹೋಗಿಬರುವವರೆಲ್ಲ ಒಮ್ಮೆ ತಟ್ಟುತ್ತಿದ್ದರು ಎಂಬ ಮಾತಿದೆ. ಕಥೆ ಇರಲಿ, ಅದರ ಹಿಂದಿನ ಬುದ್ಧಿ ನಮಗೂ ಬೇಕು: ನಡುನಡುವೆ ಅಲುಗಾಡಿಸಿದರೆ ಹುಳಿ ಎಲ್ಲ ಕಡೆ ಸಮನಾಗಿ ಏಳುತ್ತದೆ. ಕೆಫೀರ್ ಎಷ್ಟು ಹಳೆಯದು ಎಂಬುದಕ್ಕೆ ಚೀನಾದ ಷಿನ್‌ಜಿಯಾಂಗ್‌ನ ಷಿಯಾವ್‌ಹೆ ಸ್ಮಶಾನದ ಸಾಕ್ಷಿ ಇದೆ. ಅಲ್ಲಿನ ಒಣಗಿದ ಶವಗಳ ಕೊರಳ ಸುತ್ತ ಸಿಕ್ಕ ಗಿಣ್ಣು (ಚೀಸ್) ಕೆಫೀರ್‌ನದೇ ಎಂದು, ಅದಕ್ಕೆ ಸುಮಾರು 3,500 ವರ್ಷವಾಗಿದೆ ಎಂದು 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು.

ಗಂಟನ್ನು ಮನೆಯಲ್ಲಿ ಹುಟ್ಟಿಸಲು ಆಗುವುದಿಲ್ಲ. ಇನ್ನೊಂದು ಗಂಟಿನಿಂದಲೇ ಅದು ಬೆಳೆಯಬೇಕು. ಈಗಾಗಲೇ ಮಾಡುತ್ತಿರುವವರಿಂದ ಪಡೆಯುವುದು ಒಳ್ಳೆಯದು, ಇಲ್ಲವಾದರೆ ಕೊರಿಯರ್‌ನಲ್ಲಿ ತರಿಸಬಹುದು. ಪುಡಿಯ ರೂಪದಲ್ಲಿ ಸಿಗುವ ಕೆಫೀರ್ ಹೆಪ್ಪು ಬೇರೆ. ಅದರಿಂದ ಗಂಟು ಬೆಳೆಯುವುದಿಲ್ಲ, ಕೆಲವು ಸಲ ಮಾಡಿದ ಮೇಲೆ ಶಕ್ತಿ ಕಳೆದುಕೊಳ್ಳುತ್ತದೆ. ಸಿದ್ಧ ಕೆಫೀರನ್ನೇ ಹೆಪ್ಪಾಗಿ ಹಾಕಿದರೂ ಒಂದೆರಡು ಸಲ ಚೆನ್ನಾಗಿ ಬಂದು ಆಮೇಲೆ ಸಾದಾ ಮೊಸರಿನತ್ತ ಜಾರುತ್ತದೆ. ಸಕ್ಕರೆ ನೀರಿನಲ್ಲಿ ಬೆಳೆಸುವ ವಾಟರ್ ಕೆಫೀರ್‌ನ ಹರಳುಗಳು ಪಾರದರ್ಶಕವಾಗಿರುತ್ತವೆ. ಅವು ಬೇರೆಯೇ ಜಾತಿ, ಹಾಲಿಗೆ ಹಾಕಬೇಡಿ.

ಆರೋಗ್ಯಕ್ಕೆ ಏನು ಲಾಭ, ಎಷ್ಟು ನಂಬಬಹುದು

ಮೊದಲು ಖಚಿತವಾದದ್ದು. ಹಾಲಿನಲ್ಲಿದ್ದ ಪೋಷಕಾಂಶ ಬಹುಪಾಲು ಹಾಗೇ ಉಳಿಯುತ್ತದೆ: 200 ಮಿಲಿ ಕೆಫೀರ್‌ನಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 240 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಬಿ12 ಹಾಲಿನಲ್ಲಿ ಇರುವಷ್ಟು ಇದ್ದೇ ಇರುತ್ತದೆ. ಆದರೆ ಕೆಫೀರ್ ಕುಡಿದರೆ ಬಿ12 ಕೊರತೆ ನೀಗುತ್ತದೆಂದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಮೂರ್ಖತನ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದು ನಿಜವಾಗಿ ಉಪಕಾರಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಲ್ಲಿ ಒಂದಷ್ಟನ್ನು ಸೂಕ್ಷ್ಮಜೀವಿಗಳು ಬಾಟಲಿಯಲ್ಲೇ ತಿಂದು ಮುಗಿಸಿರುತ್ತವೆ. ಉಳಿದದ್ದನ್ನು ಒಡೆಯುವ ಕಿಣ್ವವೂ ಅವುಗಳ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಅಮೆರಿಕದ ಓಹಾಯೋದಲ್ಲಿ ಲ್ಯಾಕ್ಟೋಸ್ ಜೀರ್ಣವಾಗದ 15 ಮಂದಿ ವಯಸ್ಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಲಿಗೆ ಹೋಲಿಸಿದರೆ ವಾಯುವಿನ ತೊಂದರೆ ಶೇ 54ರಿಂದ 71ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಯೋಗರ್ಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತ್ತು. ಹಾಗಾಗಿ ಕೆಫೀರ್ ಬಂತೆಂದು ಮೊಸರನ್ನು ಅಟ್ಟಕ್ಕೇರಿಸುವ ಅಗತ್ಯವಿಲ್ಲ.

ಕರುಳಿನ ಸೂಕ್ಷ್ಮಜೀವಿಗಳ ವಿಷಯಕ್ಕೆ ಬಂದರೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. 36 ಮಂದಿ ಆರೋಗ್ಯವಂತರಲ್ಲಿ ಅರ್ಧದಷ್ಟು ಜನ 10 ವಾರ ಹುದುಗಿಸಿದ ಆಹಾರವನ್ನು ಹೆಚ್ಚು ತಿಂದರು. ಅವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ಆದರೆ ಅವರು ಕುಡಿದದ್ದು ಕೆಫೀರ್ ಒಂದನ್ನೇ ಅಲ್ಲ; ಯೋಗರ್ಟ್, ಕಿಮ್ಚಿ, ಕೊಂಬುಚಾ ಎಲ್ಲವೂ ಇದ್ದವು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಬಗ್ಗೆ ನಡೆದ ಪರೀಕ್ಷೆಗಳು ಚಿಕ್ಕವು, ಫಲಿತಾಂಶಗಳೂ ಒಂದೇ ಥರ ಇಲ್ಲ. ಕ್ಯಾನ್ಸರ್ ವಾಸಿಮಾಡುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಪಾತ್ರೆ ಮತ್ತು ಹಾಲು

ಒಂದು ಲೀಟರ್‌ನ ಅಗಲ ಬಾಯಿಯ ಗಾಜಿನ ಬಾಟಲಿ ಸಾಕು. ಅರ್ಧ ಲೀಟರ್ ಹಾಲು ಹಾಕಿದ ಮೇಲೂ ಮೂರನೇ ಒಂದು ಭಾಗ ಖಾಲಿ ಇರಬೇಕು, ಏಕೆಂದರೆ ಗಾಳಿಗುಳ್ಳೆ ಎದ್ದಾಗ ಹಾಲು ಮೇಲಕ್ಕೆ ಉಬ್ಬುತ್ತದೆ. ಹಳೆಯ ಪಿಂಗಾಣಿ ಭರಣಿ ಬೇಡ. ಅದರ ಹೊಳಪಿನ ಲೇಪದಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಡುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಕೂಡದು. ಲೋಹ ಸೋಕಿದರೆ ಗಂಟು ಸಾಯುತ್ತದೆ ಎನ್ನುವುದು ಮಾತ್ರ ಸುಳ್ಳು. ಡೇರಿಗಳ ತೊಟ್ಟಿಗಳೆಲ್ಲ ಸ್ಟೀಲಿನವೇ, ನಿಮ್ಮ ಸ್ಟೀಲ್ ಜಾಲರಿಯಿಂದ ಏನೂ ಆಗುವುದಿಲ್ಲ. ಜಾಲರಿಯ ಕಣ್ಣು ಚಹಾ ಸೋಸುವುದಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಹಸುವಿನ ಹಾಲು, ಎಮ್ಮೆ ಹಾಲು, ಪ್ಯಾಕೆಟ್ ಹಾಲು ಎಲ್ಲದರಲ್ಲೂ ಆಗುತ್ತದೆ. ಶೇ 3 ಜಿಡ್ಡಿನ ಟೋನ್ಡ್ ಹಾಲಿನಲ್ಲಿ ಕುಡಿಯಲು ಹಗುರವಾದ, ಶೇ 4.5ರ ಹಾಲಿನಲ್ಲಿ ಮಂದವಾದ ಕೆಫೀರ್ ಬರುತ್ತದೆ. ಎಮ್ಮೆ ಹಾಲಿನದು ಚಮಚದಲ್ಲಿ ತಿನ್ನುವಷ್ಟು ಗಟ್ಟಿ. ಸೋಸುವಾಗ ಜಾಲರಿಗೆ ಮೆತ್ತಿಕೊಂಡು ತಾಳ್ಮೆ ಕೆಡಿಸುತ್ತದೆ. ಕರೆದ ಹಸಿ ಹಾಲನ್ನು ಕುದಿಸದೆ ಬಳಸಬೇಡಿ. ಕ್ಷಯ, ಬ್ರೂಸೆಲ್ಲಾದಂಥ ರೋಗಾಣುಗಳನ್ನು ಕೆಫೀರ್‌ನ ಹುಳಿ ಕೊಲ್ಲುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಸೋಯಾ, ಬಾದಾಮಿ, ತೆಂಗಿನ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲದ್ದರಿಂದ ಗಂಟು ಕ್ರಮೇಣ ಸೊರಗುತ್ತದೆ.

ಮೊದಲ ವಾರ: ಗಂಟನ್ನು ಎಚ್ಚರಿಸುವುದು

ಕೊರಿಯರ್‌ನಲ್ಲಿ ಬಂದ ಗಂಟು ಬಳಲಿರುತ್ತದೆ. ಬಂದ ದಿನವೇ ಅರ್ಧ ಲೀಟರ್ ಹಾಲು ಸುರಿದರೆ ಹಾಲು ಹೆಪ್ಪುಗಟ್ಟುವ ಮೊದಲೇ ಕೆಡಬಹುದು. ಒಂದು ಚಮಚ ಗಂಟಿಗೆ 100 ಮಿಲಿ ಹಾಲು ಹಾಕಿ. ಪ್ರತಿ 24 ಗಂಟೆಗೆ, ಸೆಕೆಯ ಊರಲ್ಲಾದರೆ 12 ಗಂಟೆಗೆ, ಸೋಸಿ ಹೊಸ ಹಾಲು ಹಾಕಿ. ಮೊದಲ ಎರಡು ಮೂರು ಸಲದ ಹಾಲನ್ನು ಕುಡಿಯಬೇಡಿ, ಗಿಡದ ಬುಡಕ್ಕೂ ಸುರಿಯಬೇಡಿ (ಇರುವೆ ಮುತ್ತುತ್ತದೆ), ಚೆಲ್ಲಿಬಿಡಿ. ಹಾಲು ಗಟ್ಟಿಯಾಗಿ ಮೊಸರಿನಂಥ ಹಿತವಾದ ಹುಳಿ ವಾಸನೆ ಬಂದ ಮೇಲೆ ಹಾಲನ್ನು ಸ್ವಲ್ಪಸ್ವಲ್ಪವೇ ಏರಿಸಿ: 100, 200, 350, 500. ಹಸಿ ಗಂಟಿಗೆ ಇದು 4ರಿಂದ 7 ದಿನ. ಒಣಗಿಸಿ ಕಳಿಸಿದ್ದಾದರೆ ಎರಡು ವಾರವೂ ಆಗಬಹುದು.

ಗಂಟನ್ನು ನಲ್ಲಿ ನೀರಿನಲ್ಲಿ ತೊಳೆಯುವ ಅಭ್ಯಾಸ ಬೇಡ. ನೀರಿನ ಕ್ಲೋರಿನ್ ಒಂದು ಕಾರಣ. ಮೇಲಿನ ಲೋಳೆಯಲ್ಲಿರುವ ಜೀವಿಗಳನ್ನು ನಾವೇ ಚರಂಡಿಗೆ ಬಿಟ್ಟಂತಾಗುತ್ತದೆ ಎಂಬುದು ಇನ್ನೊಂದು.

ದಿನನಿತ್ಯದ ವಿಧಾನ

1. ಹಾಲು ಕುದಿಸಿ, ಪೂರ್ತಿ ಆರಿಸಿ. ಮೊಸರಿಗೆ ಬೇಕಾದ ಉಗುರುಬೆಚ್ಚಗೂ ಇಲ್ಲಿ ಬೇಡ, ಕೋಣೆಯಷ್ಟೇ ತಂಪಿರಲಿ. ಹಾಲು 40 ಡಿಗ್ರಿ ದಾಟಿದ್ದರೆ ಗಂಟಿಗೆ ಪೆಟ್ಟು.

2. ಕೆನೆ ತೆಗೆಯಿರಿ. ಇದು ರುಚಿಯ ಪ್ರಶ್ನೆಯಲ್ಲ. ಕೆನೆಯ ತುಣುಕು ಹುಳಿಯಾದ ಮೇಲೆ ಥೇಟ್ ಗಂಟಿನಂತೆಯೇ ಕಾಣುತ್ತದೆ, ಸೋಸುವಾಗ ಯಾವುದು ಯಾವುದೆಂದು ಹುಡುಕುತ್ತ ಕೂರಬೇಕಾಗುತ್ತದೆ. ಒತ್ತಿ ನೋಡಿ: ಕೆನೆ ಬೆರಳಿಗೆ ಸವರಿಕೊಳ್ಳುತ್ತದೆ, ಗಂಟು ಪುಟಿಯುತ್ತದೆ.

3. ಗಂಟನ್ನು ಬಾಟಲಿಗೆ ಹಾಕಿ ಮೇಲಿಂದ ಹಾಲು ಸುರಿಯಿರಿ. ತೆಳು ಹತ್ತಿ ಬಟ್ಟೆ ಕಟ್ಟಿ, ಇಲ್ಲವೇ ಮುಚ್ಚಳವನ್ನು ಸಡಿಲವಾಗಿಡಿ. ಬಿಗಿಯಾಗಿ ತಿರುಗಿಸಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಬಾಟಲಿ ಒಡೆಯಬಹುದು. ಬಟ್ಟೆಯ ನೇಯ್ಗೆ ಒತ್ತಾಗಿರಲಿ, ಹಣ್ಣಿನ ನೊಣ ನುಸುಳಬಾರದು.

4. ಬಿಸಿಲು ಬೀಳದ ಕಡೆ ಇಡಿ. ಒಲೆಯ ಪಕ್ಕ, ಫ್ರಿಜ್‌ನ ಹಿಂಬದಿ ಎರಡೂ ಬೇಡ. ಐದಾರು ಗಂಟೆಗೊಮ್ಮೆ ಬಾಟಲಿಯನ್ನು ಹಗುರವಾಗಿ ತಿರುಗಿಸಿ.

5. ಹಾಲು ಗಟ್ಟಿಯಾಗಿ, ಬಾಟಲಿ ಓರೆ ಮಾಡಿದರೆ ಅಂಚು ಬಿಟ್ಟು ಜಾರುವಂತಾಗಿ, ಗಂಟಿನ ಸುತ್ತ ಒಂದೆರಡು ಕಡೆ ತಿಳಿನೀರಿನ ಸಣ್ಣ ಗೆರೆ ಕಂಡಿತೇ? ಅದೇ ಸಮಯ. ಗಡಿಯಾರದಲ್ಲಿ ಎಷ್ಟಾಗಿದ್ದರೂ ಸರಿ, ಸೋಸಿ.

6. ಸೋಸುವ ಮೊದಲು ಬಾಟಲಿ ಅಲುಗಿಸಿ ಮೊಸರನ್ನು ಒಡೆಯಿರಿ. ಜಾಲರಿಗೆ ಸುರಿದು ಮರದ ಚಮಚದ ಹಿಂಬದಿಯಿಂದ ಮೆಲ್ಲಗೆ ಸರಿಸಿ, ಒತ್ತಿ ಹಿಂಡಬೇಡಿ. ಉಳಿದ ಗಂಟನ್ನು ಹಾಗೇ, ತೊಳೆಯದೆ, ತೊಳೆದ ಬಾಟಲಿಗೆ ಹಾಕಿ ಮುಂದಿನ ಹಾಲು ಸುರಿಯಿರಿ. ಸೋಸಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ. ದಿನಕಳೆದಂತೆ ಹುಳಿ ಏರುತ್ತದೆ.

ಉಷ್ಣತೆ, ಪ್ರಮಾಣ, ಸಮಯ

ಅರ್ಧ ಲೀಟರ್ ಹಾಲಿಗೆ ಲೆಕ್ಕ ಹೀಗೆ. ಒಂದು ಟೇಬಲ್ ಚಮಚ ಗಂಟು ಸುಮಾರು 15 ಗ್ರಾಂ. ಅಡುಗೆಮನೆಯ ತಕ್ಕಡಿ ಇದ್ದರೆ ಒಮ್ಮೆ ತೂಗಿ ಅಂದಾಜು ಹಿಡಿಯಿರಿ. ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್‌ನಂತೆ ಮನೆಯೊಳಗೆ 18ರಿಂದ 20 ಡಿಗ್ರಿ ಇದ್ದರೆ 20 ಗ್ರಾಂ ಹಾಕಿ. 24ರಿಂದ 36 ಗಂಟೆ ಹಿಡಿಯುತ್ತದೆ. ಬೆಂಗಳೂರು, ಮೈಸೂರಿನ ಹಿತವಾದ ದಿನಗಳ 22ರಿಂದ 25 ಡಿಗ್ರಿಗೆ 15 ಗ್ರಾಂ, 18ರಿಂದ 24 ಗಂಟೆ. 26ರಿಂದ 29 ಡಿಗ್ರಿಗೆ 10 ಗ್ರಾಂ, 12ರಿಂದ 16 ಗಂಟೆ. 30ರ ಮೇಲೆ 7 ಗ್ರಾಂ ಸಾಕು. 7 ಗಂಟೆಗೇ ನೋಡಲು ಶುರುಮಾಡಿ, 10ರೊಳಗೆ ಸೋಸಿಬಿಡಿ. ಇವು ಹೊರಡುವ ಜಾಗವಷ್ಟೇ. ನಿಮ್ಮ ಗಂಟಿನ ಚುರುಕು ನೋಡಿ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತೀರಿ.

34 ಡಿಗ್ರಿ ದಾಟಿದರೆ ಸುಮ್ಮನೆ ಹೊರಗಿಟ್ಟುಬಿಡುವುದು ಬೇಡ. ಕಲಬುರಗಿ, ಬಳ್ಳಾರಿ, ವಿಜಯಪುರದ ಒಣ ಸೆಕೆಗೆ ಹಳೆಯ ಉಪಾಯವೇ ಮದ್ದು: ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ನೀರು ನಿಲ್ಲಿಸಿ ಬಾಟಲಿ ಇಡಿ, ಒದ್ದೆ ಬಟ್ಟೆಯನ್ನು ಬಾಟಲಿಗೆ ಸುತ್ತಿ ಅದರ ತುದಿ ನೀರಿನಲ್ಲಿ ಮುಳುಗಿರಲಿ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಹಾಗೆಯೇ ಹಾಲೂ ಹಲವು ಡಿಗ್ರಿ ಇಳಿಯುತ್ತದೆ. ಕರಾವಳಿಯಲ್ಲಿ ಈ ಉಪಾಯ ನಡೆಯದು. ಗಾಳಿಯಲ್ಲೇ ಅಷ್ಟು ತೇವವಿರುವಾಗ ಬಟ್ಟೆಯ ನೀರು ಆರುವುದಾದರೂ ಹೇಗೆ? ಮಂಗಳೂರು, ಕಾರವಾರದವರು 4-5 ಗಂಟೆ ಹೊರಗಿಟ್ಟು, ಹಾಲು ಮಂದವಾಗತೊಡಗಿದ ಕೂಡಲೇ ಬಾಟಲಿಯನ್ನು ಹಾಗೇ ಫ್ರಿಜ್‌ಗೆ ಸೇರಿಸಿ, ಮರುದಿನ ಬೆಳಿಗ್ಗೆ ಸೋಸುವುದು ಒಳ್ಳೆಯದು. ಚಳಿಯಲ್ಲಿ ನಿಧಾನವಾಗಿ ಹುಳಿಯೇರಿದ ಕೆಫೀರ್ ರುಚಿಯಲ್ಲೂ ಮೃದು.

ಎಲ್ಲಿ ಎಡವುತ್ತೇವೆ

ಹಾಲು ಒಡೆದು ತಿಳಿನೀರು ಬೇರೆಯಾಗುವುದು ಅತಿ ಸಾಮಾನ್ಯ. ಕಾರಣ ಮೂರರಲ್ಲೊಂದು: ಗಂಟು ಹೆಚ್ಚಾಯಿತು, ಸೆಕೆ ಹೆಚ್ಚಾಯಿತು, ಹೊತ್ತು ಹೆಚ್ಚಾಯಿತು. ಹುಳಿ ಏರಿದಂತೆ ಪ್ರೋಟೀನಿನ ಬಲೆ ಬಿಗಿಯಾಗಿ ನೀರನ್ನು ಹಿಂಡಿಬಿಡುತ್ತದೆ. ಕೆಟ್ಟಿಲ್ಲ, ಜೋರಾಗಿ ಅಲುಗಿಸಿ ಸೋಸಿ ಕುಡಿಯಬಹುದು. ಮರುದಿನವೂ ಹಾಗೇ ಆದರೆ ಗಂಟಿನ ಮೂರನೇ ಒಂದು ಭಾಗ ತೆಗೆದಿಡಿ. ಚುರುಕಾದ ಗಂಟು ಎರಡು ಮೂರು ವಾರದಲ್ಲಿ ಇಮ್ಮಡಿಯಾಗುತ್ತದೆ. ಅದನ್ನು ಗಮನಿಸದೆ ಹಾಲು ಅಷ್ಟೇ ಹಾಕುತ್ತ ಹೋಗುವುದರಿಂದಲೇ ತಿಂಗಳ ಹಿಂದೆ ಚೆನ್ನಾಗಿದ್ದ ಕೆಫೀರ್ ಈಗ ಬಾಯಿಗಿಡಲಾಗದ ಹುಳಿ.

ಬ್ರೆಡ್ಡಿನಂಥ, ಹೆಂಡದಂಥ ವಾಸನೆ ಮುಂದಾದರೆ ಈಸ್ಟ್ ಮೇಲುಗೈ ಸಾಧಿಸಿದೆ. ತಂಪಾದ ಜಾಗಕ್ಕೆ ಬದಲಿಸಿ, ಬೇಗ ಸೋಸಿ, ಒಂದೆರಡು ಸಲ ಫ್ರಿಜ್‌ನಲ್ಲೇ ಹುದುಗಿಸಿ. ದೋಸೆ ಹಿಟ್ಟು ಉಬ್ಬುವ ಮೂಲೆಯಲ್ಲೇ ಕೆಫೀರ್ ಬಾಟಲಿಯೂ ಇದ್ದರೆ ದೂರ ಸರಿಸಿ. ಮೊಸರಿಗೂ ಇದಕ್ಕೂ ಒಂದೇ ಚಮಚ ಬಳಸಬೇಡಿ.

24 ಗಂಟೆಯಾದರೂ ಹಾಲು ಹಾಲಾಗಿಯೇ ಇದ್ದರೆ ಗಂಟು ಬಳಲಿದೆ ಅಥವಾ ಹಾಲು ಬಿಸಿಯಿತ್ತು. ಸೋಸಿ, 100 ಮಿಲಿಗೆ ಇಳಿಸಿ, ಮೊದಲ ವಾರದ ಪಾಠ ಮತ್ತೆ ನಡೆಸಿ. ಕೆಫೀರ್ ಲೋಳೆಲೋಳೆಯಾಗಿ ನೂಲಿನಂತೆ ಎಳೆಯುತ್ತಿದ್ದರೆ ಭಯಬೇಡ. ಹವಾಮಾನ ಬದಲಾದಾಗ, ಹೊಸ ಹಾಲಿಗೆ ಒಗ್ಗುವಾಗ ಹಾಗಾಗುತ್ತದೆ. ನಾಲ್ಕೈದು ಸಲ ಹಾಲು ಬದಲಿಸಿದರೆ ಬಹುತೇಕ ಸರಿಹೋಗುತ್ತದೆ. ಗಂಟು ಮೇಲೆ ತೇಲುವುದು ದೋಷವೇ ಅಲ್ಲ, ಗಾಳಿಗುಳ್ಳೆ ಎತ್ತಿರುತ್ತದೆ ಅಷ್ಟೆ.

ಕೂದಲೆದ್ದಂಥ ಬೂಷ್ಟು, ಹಸಿರು, ಕಪ್ಪು, ಗುಲಾಬಿ, ಕಿತ್ತಳೆ ಬಣ್ಣ, ಕೊಳೆತ ವಾಸನೆ: ಇವುಗಳಲ್ಲಿ ಒಂದು ಕಂಡರೂ ಹಾಲು, ಗಂಟು ಎರಡನ್ನೂ ಎಸೆಯಿರಿ. ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಇದಕ್ಕಾಗಿಯೇ ಒಂದಿಷ್ಟು ಗಂಟನ್ನು ಬೇರೆ ಕಡೆ ಕಾದಿಡಬೇಕು, ಅದರ ವಿಧಾನ ಕೊನೆಯಲ್ಲಿದೆ.

ಕುಡಿಯುವುದು, ಅಡುಗೆಗೆ ಬಳಸುವುದು

ಹೊಸಬರು ಮೊದಲ ಮೂರು ನಾಲ್ಕು ದಿನ 50 ಮಿಲಿಗೆ ನಿಲ್ಲಿಸಿ. ಹೊಟ್ಟೆ ಗುಡುಗುಟ್ಟುವುದು, ವಾಯು ಮೊದಮೊದಲು ಸಹಜ. ಆಮೇಲೆ 100, ಒಗ್ಗಿದ ಮೇಲೆ 200 ಮಿಲಿ. ಅದಕ್ಕಿಂತ ಹೆಚ್ಚು ಕುಡಿದರೆ ಹೆಚ್ಚು ಲಾಭವೆಂದೇನಿಲ್ಲ.

ಕುದಿಸಿದರೆ ಜೀವಿಗಳೆಲ್ಲ ಸಾಯುತ್ತವೆ. ಮಜ್ಜಿಗೆ ಹುಳಿಗೆ ಹಾಕಿದರೆ ರುಚಿ ಸಿಗುತ್ತದೆ, ಬೇರೇನೂ ಸಿಗದು. ಹಾಗಾಗಿ ನಮ್ಮ ಅಡುಗೆಯಲ್ಲಿ ಇದಕ್ಕೆ ಹೇಳಿಮಾಡಿಸಿದ ಜಾಗ ತಂಬುಳಿ. ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ತೆಂಗಿನತುರಿ, ಜೀರಿಗೆಯ ಜೊತೆ ರುಬ್ಬಿ, ಮಿಶ್ರಣ ತಣ್ಣಗಾದ ಮೇಲೆ ಕೆಫೀರ್ ಬೆರೆಸಿ. ಒಗ್ಗರಣೆಯನ್ನು ಆರಿಸಿ ಹಾಕಿ. ಮೊಸರನ್ನಕ್ಕೆ ಬಳಸುವುದಾದರೆ ಅನ್ನ ಪೂರ್ತಿ ಆರಿರಲಿ. ಹುಳಿ ಜಾಸ್ತಿಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ 12ರಿಂದ 24 ಗಂಟೆ ನೀರಿಳಿಸಿದರೆ ರೊಟ್ಟಿಗೆ ಸವರಿಕೊಳ್ಳುವ ಮೆತ್ತನೆಯ ಗಿಣ್ಣು ಸಿಗುತ್ತದೆ. ಇಳಿದ ತಿಳಿಯಲ್ಲಿ ಚಪಾತಿ ಹಿಟ್ಟು ಕಲಸಬಹುದು.

ಹಣ್ಣಿನ ರುಚಿ ಬೇಕಿದ್ದರೆ ಗಂಟು ತೆಗೆದ ಮೇಲೆಯೇ ಹಾಕಿ. ಅರ್ಧ ಲೀಟರ್‌ಗೆ ನಾಲ್ಕೈದು ತುಂಡು ಮಾವು, ಅಥವಾ ಒಂದು ಏಲಕ್ಕಿ ಮತ್ತು ಎರಡು ಖರ್ಜೂರ. ಮುಚ್ಚಿ 4ರಿಂದ 6 ಗಂಟೆ ಹೊರಗಿಟ್ಟು ಫ್ರಿಜ್‌ಗೆ. ನಡುವೆ ಒಮ್ಮೆ ಮುಚ್ಚಳ ತೆರೆದು ಗಾಳಿ ಬಿಡಿ. ಈಸ್ಟ್‌ನಿಂದಾಗಿ ಕೆಫೀರ್‌ನಲ್ಲಿ ಅತ್ಯಲ್ಪ ಮದ್ಯಸಾರ ಇರುತ್ತದೆ, ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಹಣ್ಣಿನ ಸಕ್ಕರೆ ಸೇರಿ ಹೊತ್ತು ಹೆಚ್ಚಾದಷ್ಟೂ ಅದು ಏರುತ್ತದೆ. ಮದ್ಯ ಸಂಪೂರ್ಣ ವರ್ಜ್ಯವಾದವರು ಇದನ್ನು ತಿಳಿದೇ ನಿರ್ಧರಿಸಲಿ.

ಯಾರು ಜಾಗ್ರತೆ ವಹಿಸಬೇಕು

ಹಾಲಿನ ಪ್ರೋಟೀನಿನ ಅಲರ್ಜಿ ಇದ್ದವರಿಗೆ ಕೆಫೀರ್ ಸಲ್ಲದು; ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆ, ಅಲರ್ಜಿ ಬೇರೆ. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿಯಾದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮನೆಯ ಕೆಫೀರ್ ಮುಟ್ಟಬಾರದು. ಮೂತ್ರಪಿಂಡದ ಕಾಯಿಲೆಯಲ್ಲಿ ಪೊಟ್ಯಾಸಿಯಂ, ರಂಜಕ ಮಿತಿಗೊಳಿಸಿದ್ದರೆ ಇದೂ ಆ ಲೆಕ್ಕಕ್ಕೆ ಸೇರಬೇಕು. ಒಂದು ವರ್ಷದೊಳಗಿನ ಮಗುವಿಗೆ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಕನಿಷ್ಠ 4 ಗಂಟೆ ಅಂತರ ಬಿಡಿ, ಕ್ಯಾಲ್ಸಿಯಂ ಆ ಔಷಧಿಯನ್ನು ಮೈಗೆ ಸೇರಲು ಬಿಡುವುದಿಲ್ಲ. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್‌ನಂಥ ಪ್ರತಿಜೀವಕಗಳ ಜೊತೆಗೂ ಹೀಗೇ, ಅಂತರ ಎಷ್ಟೆಂದು ಔಷಧಿ ಬರೆದವರನ್ನೇ ಕೇಳಿ.

ಊರಿಗೆ ಹೋಗುವಾಗ, ಮಿಕ್ಕಾಗ

ನಾಲ್ಕು ದಿನದಿಂದ ಎರಡು ವಾರದ ತನಕ ಮನೆಯಲ್ಲಿ ಇರುವುದಿಲ್ಲವಾದರೆ, ಗಂಟು ಪೂರ್ತಿ ಮುಳುಗುವಷ್ಟು ತಾಜಾ ಹಾಲು ಹಾಕಿ ಫ್ರಿಜ್‌ನಲ್ಲಿಡಿ. ಮರಳಿದ ಮೇಲೆ ಆ ಹಾಲು ಚೆಲ್ಲಿ, ಎಂದಿನ ಅರ್ಧದಷ್ಟು ಹಾಲಿನಿಂದ ಮತ್ತೆ ಆರಂಭಿಸಿ. ಅದಕ್ಕೂ ಹೆಚ್ಚು ದಿನಕ್ಕಾದರೆ ಒಣಗಿಸುವುದು ವಾಸಿ. ಕುದಿಸಿ ಆರಿಸಿದ ನೀರಿನಲ್ಲಿ ಗಂಟನ್ನು ಈ ಒಂದು ಸಲ ಮಾತ್ರ ಜಾಲಾಡಿಸಿ, ಶುಭ್ರ ಹತ್ತಿ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಮುಚ್ಚಿ ಫ್ಯಾನಿನ ಗಾಳಿಗೆ ಇಡಿ. ಬಿಸಿಲಿಗೆ ಬೇಡ. 3ರಿಂದ 5 ದಿನದಲ್ಲಿ ಅದು ಹಳದಿ ತಿರುಗಿ ಗಟ್ಟಿ ಹರಳಾಗುತ್ತದೆ. ಮಳೆಗಾಲದ ತೇವದಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುವುದರಿಂದ ಈ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಹಾಲಿನ ಪುಡಿಯಲ್ಲಿ ಹೊರಳಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಆರು ತಿಂಗಳಾದರೂ ಎಬ್ಬಿಸಬಹುದು. ಡಬ್ಬಿಯ ಮೇಲೆ ತಾರೀಕು ಬರೆದಿಡಿ.